ಮಲ್ಪೆ ಗಾಳಿಗೆ ಕೊಡೆ ನಿಲ್ಲಲ್ಲ

ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಚ್ಚಿ ಸ್ಟ್ಯಾಂಡಿಗೆ ಹಾಕಲು ಶುರುಮಾಡಿದವರಿಗೆ ಒಂದು ಮಾತು. ಮನೆಯೊಳಗೆ ಫ್ಲ್ಯಾಶ್ ಬೆಳಕನ್ನು ಹರಡಿ ಮೆದುಮಾಡುವ ಬಿಳಿ ಕೊಡೆ ಸಾಕು. ಅಗ್ಗ, ಮಡಚಿ ಬ್ಯಾಗಿಗೆ ಹಾಕಬಹುದು. ಬೆಳಕು ಗೋಡೆಗೆಲ್ಲ ಚೆಲ್ಲುತ್ತದೆ, ಅಷ್ಟೆ. ಮಲ್ಪೆ ಬೀಚಿನಲ್ಲಿ ಮಾತ್ರ ಬೇಡ. ನನ್ನದು ಸ್ಟ್ಯಾಂಡ್ ಸಮೇತ ಮಗುಚಿ ಫ್ಲ್ಯಾಶೇ ಹೋಯಿತು! ಅಲ್ಲಿಗೆ ಫ್ಲ್ಯಾಶಿಗೆ ಹಾಕುವ, ಮುಂದೆ ಬಿಳಿ ಬಟ್ಟೆಯಿರುವ ಪೆಟ್ಟಿಗೆ, ಅಂದರೆ 60 ಸೆಂ.ಮೀ. ಸಾಫ್ಟ್‌ಬಾಕ್ಸ್ ಒಯ್ಯಿರಿ. ಖಾಲಿ ಚೀಲಕ್ಕೆ ಮರಳು ತುಂಬಿ ಸ್ಟ್ಯಾಂಡಿಗೆ ಕಟ್ಟಿ. ಮರಳಿಗೇನು ಅಲ್ಲಿ ಬರವಾ?

ಸಾಫ್ಟ್‌ಬಾಕ್ಸ್ ದೊಡ್ಡದಾದಷ್ಟೂ ನೆರಳು ಮೆದು ಅಂತಾರೆ. ಆದರೆ ದೂರವೂ ಲೆಕ್ಕ, ಅಲ್ವಾ? ಮುಖದಿಂದ 1 ಮೀಟರ್‌ನಲ್ಲಿ ಮೆದುವಾಗಿದ್ದ ನೆರಳು, ಬಾಕ್ಸನ್ನು 3 ಮೀಟರ್‌ಗೆ ಸರಿಸಿದರೆ ಗಡುಸಾಗುತ್ತದೆ. ಬೆಳಕೂ ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದೊಡ್ಡದು ಕೊಳ್ಳುವ ಮೊದಲು ಇರುವುದನ್ನೇ ಫ್ರೇಮಿನ ಅಂಚಿನವರೆಗೂ ತಂದು ನೋಡಿ. ಯಕ್ಷಗಾನ ವೇಷದ ಫೋಟೋಗೆ ಬಾಕ್ಸಿನ ಮುಂದೆ ಗ್ರಿಡ್ (ಬೆಳಕು ಪಕ್ಕಕ್ಕೆ ಚೆಲ್ಲದಂತೆ ತಡೆಯುವ ಜಾಲರಿ) ಹಾಕಿದರೆ ಹಿಂದಿನ ಗೋಡೆ ಕತ್ತಲಲ್ಲೇ ಉಳಿಯುತ್ತದೆ.