ಒಂದು ಬೂದು ಹಕ್ಕಿಗಾಗಿ ಎರಡು ಬೆಳಗು

ಪಶ್ಚಿಮ ಕೀನ್ಯಾದ ಕಾಕಮೆಗಾ ಕಾಡಿಗೆ ಹೋದವರು ಸಾಮಾನ್ಯವಾಗಿ ದೊಡ್ಡ ನೀಲಿ ಟುರಾಕೊ ಹಕ್ಕಿ ನೋಡಿ ಕುಣಿಯುತ್ತಾರೆ. ನಾನು ನೈರೋಬಿಯಿಂದ ಅಲ್ಲಿಗೆ ಹೋಗಿದ್ದು ಬೂದು ಬಣ್ಣದ ಒಂದು ಪುಟ್ಟ ನೊಣಹಿಡುಕಕ್ಕೆ. ಚಾಪಿನ್ಸ್ ಫ್ಲೈಕ್ಯಾಚರ್. ಕಾಂಗೊದಲ್ಲಿ ವರ್ಷಗಟ್ಟಲೆ ಅಲೆದ ಅಮೆರಿಕದ ಪಕ್ಷಿತಜ್ಞ ಜೇಮ್ಸ್ ಚಾಪಿನ್ 1932ರಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದರು.

ಮೊದಲ ದಿನ ನಾನು ಮಾಡಿದ್ದೆಲ್ಲ ತಪ್ಪೇ. ಇಸೆಚೇನೊ ಕಡೆಯ ಕಾಲುದಾರಿಯಲ್ಲಿ ಎಲೆ ಅಲುಗಿದಲ್ಲೆಲ್ಲ ಬೈನಾಕ್ಯುಲರ್ ಎತ್ತಿದೆ. ಮಂಗಟ್ಟೆ ಹಕ್ಕಿ ಸಿಕ್ಕಿತು, ಕಪ್ಪು ಬಿಳುಪು ಕೊಲೊಬಸ್ ಕೋತಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಕತ್ತು ಹಿಡಿದುಕೊಂಡಿತು, ಅಷ್ಟೇ.

ಮರುದಿನ ಜೊತೆಗೆ ಬಂದ ಊರಿನ ಗೈಡ್ ಒಂದೇ ಮಾತು ಹೇಳಿದ: ಪೋಲೆ ಪೋಲೆ. ಸ್ವಾಹಿಲಿಯಲ್ಲಿ ನಿಧಾನ ಅಂತ. ಓಡಾಡುವ ಹಕ್ಕಿಯನ್ನು ಹುಡುಕಬೇಡ, ಸುಮ್ನೆ ಕೂತಿರುವುದನ್ನು ಹುಡುಕು ಅಂದ. ಹಳೆಯ ಮರವೊಂದು ಬಿದ್ದು ಆಕಾಶ ಕಾಣುತ್ತಿದ್ದ ಜಾಗದಲ್ಲಿ ನಿಲ್ಲಿಸಿದ. ನಾನು ರೇನ್‌ಕೋಟ್ ಹಾಸಿ ಅಂಗಾತ ಮಲಗಿದೆ. ನಗಬೇಡಿ, ಕತ್ತಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಎತ್ತರದ ಎಲೆಯಿಲ್ಲದ ಕೊಂಬೆಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ.

ಮುಕ್ಕಾಲು ಗಂಟೆ ಕಳೆದಿರಬೇಕು. ಒಂದು ಬಳ್ಳಿಯ ತುದಿಯಲ್ಲಿ ಒಣಗಿದ ಗಂಟು ಅಂದುಕೊಂಡಿದ್ದು ತಲೆ ತಿರುಗಿಸಿತು! ಪುರ್ರನೆ ಹಾರಿ ಏನೋ ಹುಳ ಹಿಡಿದು, ಅದೇ ಬಳ್ಳಿಗೆ ವಾಪಸ್ ಬಂತು. ಮತ್ತೆ ಗಂಟು.

ಇದೇ ಅಂತ ಮೋಸಹೋಗಬಹುದಾದ ಹಕ್ಕಿ ಅಂದರೆ ಅಲ್ಲಿನ ಡಸ್ಕಿ ಫ್ಲೈಕ್ಯಾಚರ್. ಅದಕ್ಕೆ ಮೈಮೇಲೆ ಕಂದು ಜಾಸ್ತಿ, ಕಾಡಿನ ಅಂಚಲ್ಲೇ ಸುಲಭವಾಗಿ ಸಿಗುತ್ತದೆ. ಇದು ಬರೀ ಬೂದು, ಮೇಲಿನ ಕೊಂಬೆ ಬಿಟ್ಟು ಇಳಿಯಲಿಲ್ಲ. ಚಳಿಗಾಲದಲ್ಲಿ ನಮ್ಮ ಮಲೆನಾಡಿಗೆ ಬರುವ ಕಂದು ನೊಣಹಿಡುಕ ನೋಡಿ ಪಳಗಿದ ಕಣ್ಣಿಗೆ ಆ ಕೂರುವ ಭಂಗಿ ಹೊಸದೇನಲ್ಲ. ಅದನ್ನೇ ಮೊದಲ ದಿನ ಮರೆತಿದ್ದೆ ನೋಡಿ.

ಕೀನ್ಯಾ ಬಿಟ್ಟರೆ ಉಗಾಂಡಾದ ಬ್ವಿಂಡಿ ಕಾಡು, ಪೂರ್ವ ಕಾಂಗೊದ ಬೆಟ್ಟಗಾಡು, ಇಷ್ಟರಲ್ಲೇ ಇದರ ವಾಸ. ಅದೂ ಚೂರು ಚೂರು. ಅಪಾಯದಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ. ಯಾಕೆ ಅಂತ ವಾಪಸ್ ಬರುವಾಗ ಗೊತ್ತಾಯಿತು. ಕಾಡು ಮುಗಿದ ಕೂಡಲೇ ಚಹಾ ತೋಟ, ಅದರಾಚೆ ಹೊಲ, ಮನೆ. ದಾರಿಯುದ್ದಕ್ಕೂ ಸೌದೆ ಹೊರೆ ಹೊತ್ತ ಹೆಂಗಸರು ಎದುರಾದರು. ಅವರ ಮನೆಯ ಒಲೆಯೂ ಉರಿಯಬೇಕಲ್ವಾ?

ಫೋಟೊ ಕೇಳಬೇಡಿ. ಎಲೆ ತುಂಬಾ ಚೆನ್ನಾಗಿ ಬಂದಿದೆ. ಅದರ ಹಿಂದೆ ಮಸುಕಾಗಿರುವುದೇ ಚಾಪಿನ್.