ನೆರೆ ಇಳಿಯುವಾಗ ಬಲೆ ತುಂಬುತ್ತದೆ

ನಾನು ಜೂಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಪುಟ್ಟ ಪ್ರಾಣಿಗಳನ್ನು, ಎಣಿಸುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ–ಸ್ಯಾನ್ ವಾಕೀನ್ ನದಿಗಳ ಡೆಲ್ಟಾದಲ್ಲಿ. ದೋಣಿಗೆ ಕಟ್ಟಿ ಎಳೆಯುವ ಬಲೆಯ ಕಣ್ಣು 150 ಮೈಕ್ರಾನ್. ಬಾಯಲ್ಲೊಂದು ಪುಟ್ಟ ಫ್ಲೋಮೀಟರ್. ಅದು ಎಷ್ಟು ಸುತ್ತು ತಿರುಗಿತು ಎಂಬುದರಿಂದ ಬಲೆ ಸೋಸಿದ ನೀರಿನ ಲೆಕ್ಕ ಸಿಗುತ್ತದೆ.

ನೆರೆ ಬಂದಾಗ ಈ ಲೆಕ್ಕವೇ ಕೈಕೊಡುತ್ತದೆ. ಕೆಸರು, ಕೊಳೆತ ಎಲೆ, ಹುಲ್ಲಿನ ಚೂರು ಎಲ್ಲ ಬಲೆಗೆ ಮೆತ್ತಿಕೊಂಡು ನೀರು ಸೋಸುವುದೇ ಇಲ್ಲ. ಅದಕ್ಕೆ ಎಳೆಯುವ ಹೊತ್ತನ್ನು ಕಡಿಮೆ ಮಾಡುತ್ತೇನೆ. ಬೇಕಾದರೆ ಎರಡು ಸಲ ಎಳೆದರಾಯಿತು. ಸಿಕ್ಕ ಜೀವಿಗಳು ಕೆಡದಂತೆ ಹಾಕುವ ಫಾರ್ಮಲಿನ್ ಜೊತೆ ರೋಸ್ ಬೆಂಗಾಲ್ ಬಣ್ಣ ಹಾಕಿಟ್ಟರೆ ಇಂಥ ದಿನಗಳಲ್ಲಿ ಕಣ್ಣಿಗೆ ಎಷ್ಟೋ ಆರಾಮ. ಕಂದು ಮಣ್ಣಿನ ಕಣಗಳ ನಡುವೆ ಕೋಪೆಪಾಡ್ ಎಂಬ ಸಿಗಡಿಯ ದೂರದ ಸಂಬಂಧಿಗಳು ಗುಲಾಬಿಯಾಗಿ ಎದ್ದು ಕಾಣುತ್ತವೆ. ಕೆಲವು ಹೆಣ್ಣುಗಳ ಹೊಟ್ಟೆಯಡಿ ನೇತಾಡುವ ಮೊಟ್ಟೆಚೀಲವೂ ಕಾಣುತ್ತದೆ.

ತುಂಬಿದ ಹೊಳೆಯಲ್ಲಿ ಸಂಖ್ಯೆ ಸಾಮಾನ್ಯವಾಗಿ ಕುಸಿದಿರುತ್ತದೆ. ಅಷ್ಟಕ್ಕೇ ಎಲ್ಲ ಸತ್ತವು ಅಂದುಕೊಳ್ಳಬೇಡಿ. ಘನ ಮೀಟರಿಗೆ 1000 ಇದ್ದದ್ದು 200ಕ್ಕೆ ಇಳಿಯಿತು, ಹರಿವು ಹತ್ತು ಪಟ್ಟಾಯಿತು ಅನ್ನೋಣ. ಆ ಜಾಗ ದಾಟಿ ಹೋಗುವ ಜೀವಿಗಳು ಆಗ ಮೊದಲಿನ ಎರಡು ಪಟ್ಟು ಆಗುತ್ತವೆ, ಅಲ್ವಾ? ಪಕ್ಕದಲ್ಲಿ ಹರಿವು ಬರೆಯದ ಪಟ್ಟಿಯನ್ನು ನಾನು ನಂಬುವುದಿಲ್ಲ. ಇನ್ನೊಂದು ತೊಡಕು: ಸಿಹಿನೀರಿನ ಡಾಫ್ನಿಯಾ ಎಂಬ ಪುಟ್ಟ ಜೀವಿ ಕೂಡ ಕೊಚ್ಚಿಕೊಂಡು ಕೆಳಗಿನ, ಉಪ್ಪು ಬೆರೆತ ನೀರಿನ ಸುಯಿಸುನ್ ಕೊಲ್ಲಿಗೆ ಬಂದುಬಿಡುತ್ತದೆ. ಹಾಗಾಗಿ ಜಾಗಕ್ಕಿಂತ ನೀರಿನ ಉಪ್ಪು ನೋಡಿ ಹೋಲಿಸುವುದೇ ವಾಸಿ.

ಈ ಜೀವಿಗಳ ನಿಜವಾದ ಬೆಳೆ ಬರುವುದು ಯೋಲೊ ಬೈಪಾಸ್ ಎಂಬ ನೆರೆನೀರು ಹರಿಯುವ ಬಯಲಿನಲ್ಲಿ. ಸ್ಯಾಕ್ರಮೆಂಟೊ ನದಿ ಉಕ್ಕಿದಾಗ ಫ್ರೀಮಾಂಟ್ ಒಡ್ಡಿನ ಮೇಲೆ ಹರಿದ ನೀರು ಅಲ್ಲಿನ ಭತ್ತದ ಗದ್ದೆಗಳ ಮೇಲೆ ಹರಡಿಕೊಳ್ಳುತ್ತದೆ. ಕೋಪೆಪಾಡ್ ಮರಿ ದೊಡ್ಡದಾಗಿ ಮೊಟ್ಟೆಯಿಡಲು ವಾರಗಳು ಬೇಕು. ಓಡುವ ಹೊಳೆ ಅಷ್ಟು ಕಾಲಾವಕಾಶ ಕೊಡುವುದಿಲ್ಲ. ಬೇಗ ಮರಿ ಮಾಡುವ ರೋಟಿಫರ್ ಎಂಬ ಇನ್ನೂ ಸಣ್ಣ ಜೀವಿಗಳು ಹೇಗೋ ಸುಧಾರಿಸಿಕೊಳ್ಳುತ್ತವೆ. ಗದ್ದೆಯ ಆಳವಿಲ್ಲದ, ಬೆಚ್ಚಗಿನ ನೀರಿನಲ್ಲಾದರೆ ಇವುಗಳ ಆಹಾರವಾದ ಪಾಚಿ ಬೆಳೆಯುತ್ತದೆ, ಒಣಮಣ್ಣಿನಲ್ಲಿ ಕಾದಿದ್ದ ಡಾಫ್ನಿಯಾ ಜಾತಿಯ ಮೊಟ್ಟೆಗಳು ಒಡೆಯುತ್ತವೆ. ನೀರು ಇಳಿಯುತ್ತಾ ನಿಧಾನವಾಗುವ ಹೊತ್ತಿಗೆ ಬಲೆಯ ತುದಿಯ ಡಬ್ಬಿ ಗಂಜಿಯಂತೆ ದಪ್ಪಗಾಗಿರುತ್ತದೆ. ಹಾಗಾಗಿ ನೆರೆಯ ಸುದ್ದಿ ಟಿವಿಯಿಂದ ಮರೆಯಾದ ಮೇಲೆ ನಮಗೆ ಕೆಲಸ ಜಾಸ್ತಿ.

ಬೇಸಿಗೆಯಲ್ಲೂ ಹರಿವು ಹೆಚ್ಚಿಸಿ ನೋಡಿದ್ದುಂಟು. 2016ರಲ್ಲಿ ಬೈಪಾಸ್ ಮೂಲಕ ನದಿನೀರು ಬಿಟ್ಟಾಗ ಕೆಳಗೆ ಪಾಚಿ ಹೆಚ್ಚಿತು. ಆದರೆ ಸುಮ್ನೆ ನೀರು ಬಿಟ್ಟರೆ ಸಾಲದು. 1986ರಲ್ಲಿ ಕಾಣಿಸಿಕೊಂಡ ಏಷ್ಯಾದ ಚಿಪ್ಪುಜೀವಿಯೊಂದು ಸುಯಿಸುನ್‌ನಲ್ಲಿ ಪಾಚಿಯನ್ನೂ ಕೋಪೆಪಾಡ್ ಮರಿಗಳನ್ನೂ ಸೋಸಿ ತಿನ್ನುತ್ತಲೇ ಇದೆ.