ಬಸ್ಸಿನಲ್ಲಿ ಜೊತೆಗೆ ಕೂತ ಫೋನು

ನಾನು ವಿಜಯಪುರದಲ್ಲಿ ಆಪ್ತಸಮಾಲೋಚನೆ ಮಾಡುವ ಮನಶಾಸ್ತ್ರಜ್ಞೆ. 2020ರ ಲಾಕ್‌ಡೌನ್‌ನಲ್ಲಿ ಬೇರೆ ದಾರಿ ಇಲ್ಲದೆ ವಿಡಿಯೋ ಕಾಲ್ ಶುರು ಮಾಡಿದೆ. ಎದುರಾ ಎದುರು ಕೂತಷ್ಟು ಇದು ಫಲ ಕೊಡಲ್ಲ ಅಂತಲೇ ಅಂದುಕೊಂಡಿದ್ದೆ. ಆತಂಕದ ಕಾಯಿಲೆ ಇರುವವರ ಮಟ್ಟಿಗೆ ಆ ಮಾತು ಬಿಟ್ಟುಕೊಟ್ಟಿದ್ದೇನೆ. ಅವರ ಭಯ ನನ್ನ ಕೋಣೆಯಲ್ಲಿ ಇರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಪಂಕ್ತಿಯಲ್ಲಿ, ಬ್ಯಾಂಕಿನ ಪಾಳಿಯಲ್ಲಿ ಇರುತ್ತದೆ. ಫೋನ್ ಇದ್ದರೆ ನಾನೂ ಅಲ್ಲಿಗೆ ಹೋಗಬಹುದು, ಅಲ್ವಾ?

ಇಂಡಿ ಕಡೆಯ ಒಬ್ಬ ಹೆಣ್ಣುಮಗಳು ಎರಡು ವರ್ಷದಿಂದ ಬಸ್ ಹತ್ತಿರಲಿಲ್ಲ. (ಒಪ್ಪಿಗೆ ಕೇಳಿದ್ದೇನೆ, ಗುರುತು ಬದಲಿಸಿದ್ದೇನೆ.) "ಮೇಡಂ, ಎದಿ ಹೊಡ್ಕೊಂಡು ಜೀವಾನ ಹೋಗ್ತೈತಿ ಅನಸ್ತೈತ್ರಿ" ಎನ್ನುತ್ತಿದ್ದರು. ದೃಷ್ಟಿ ತೆಗೆಸಿ, ತಾಯತ ಕಟ್ಟಿಸಿ ಆಗಿತ್ತು. ಮೊದಲು ಡಾಕ್ಟರ ಹತ್ತಿರ ಇಸಿಜಿ, ಥೈರಾಯ್ಡ್ ನೋಡಿಸಿ ಬನ್ನಿ ಎಂದೆ. ಎರಡೂ ಸರಿ ಇದ್ದವು.

ಮೊದಲ ಎರಡು ಕಾಲ್‌ನಲ್ಲಿ ಬರೀ ಹೂಂ, ಹಾಂ. ಪಕ್ಕದಲ್ಲೇ ಅತ್ತೆ ಇದ್ದರು ಅಂತ ನನಗೆ ತಡವಾಗಿ ಹೊಳೆಯಿತು. ಮುಂದಿನ ವಾರ ಮಾಳಿಗೆ ಹತ್ತಿ, ಒಣಹಾಕಿದ ಮೆಣಸಿನಕಾಯಿ ಪಕ್ಕ ಕೂತು ಬಾಯಿ ಬಿಟ್ಟರು. ಆಗಿನಿಂದ ಎಲ್ಲರಿಗೂ ಮೊದಲು ಇದನ್ನೇ ಕೇಳುತ್ತೇನೆ: ಎಲ್ಲಿ ಕೂತಿದ್ದೀರಿ, ಹತ್ತಿರ ಯಾರಿದ್ದಾರೆ? ತುರ್ತಿಗೆ ಇರಲಿ ಅಂತ ಮನೆಯವರೊಬ್ಬರ ನಂಬರನ್ನೂ ಬರೆದುಕೊಳ್ಳುತ್ತೇನೆ. ನಡುರಾತ್ರಿ ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಬರೀ ಫೋನ್ ನೆಚ್ಚಬಾರದು, ಮನೋವೈದ್ಯರನ್ನು ಕಾಣಲೇಬೇಕು.

ಭಯ ಅಳೆಯಲು ನಾವು ಸೊನ್ನೆಯಿಂದ ನೂರರ ಅಳತೆ ಬಳಸುತ್ತೇವೆ. ಅವರಿಗೆ ಅದು ತಲೆಗೆ ಹೋಗಲಿಲ್ಲ. "ರೂಪಾಯಿಗೆ ಎಷ್ಟು ಪೈಸೆ ಭಯ?" ಎಂದೆ. ತಕ್ಷಣ "ಎಂಬತ್ತು ಪೈಸೆ ರೀ" ಎಂದರು. ಆ ಎದೆಬಡಿತವನ್ನು ಬೇಕೆಂದೇ ತರಿಸಲು ಮಾಳಿಗೆ ಮೇಲೆ ನಿಂತಲ್ಲೇ ಒಂದು ನಿಮಿಷ ಓಡಿಸಿದೆ. ಎದೆ ಡವಡವ ಎಂದಿತು. ಸುಮ್ನೆ ಕೂತು ಅದನ್ನೇ ಗಮನಿಸಿ, ನೀರು ಕುಡಿಯಬೇಡಿ, ದೇವರ ಹೆಸರೂ ಬೇಡ ಎಂದೆ. ಎಂಬತ್ತು, ಅರವತ್ತು, ನಲವತ್ತು. ತಾನಾಗಿ ಇಳಿಯಿತು. ಎದೆ ಹೊಡೆದುಕೊಂಡರೆ ಸಾವಲ್ಲ ಅಂತ ನಾನು ನೂರು ಸಲ ಹೇಳಿದ್ದೆ, ಅವತ್ತು ಅವರ ಮೈಗೇ ತಿಳಿಯಿತು.

ಆಮೇಲೆ ಒಂದು ವಾರ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವುದು, ಇನ್ನೊಂದು ವಾರ ನಿಂತ ಬಸ್ಸಿನಲ್ಲಿ ಕೂತು ಇಳಿಯುವುದು. ಏಳನೇ ವಾರ ಬಸ್ ಹೊರಟಿತು. ಅವರ ಕಿವಿಯಲ್ಲಿ ಇಯರ್‌ಫೋನ್, ಈ ಕಡೆ ನಾನು. ನಡುದಾರಿಯಲ್ಲಿ ನೆಟ್‌ವರ್ಕ್ ಹೋಯಿತು. ಆ ಹನ್ನೆರಡು ನಿಮಿಷ ನನಗೇ ಬೆವರು ಬಂತು. ಇಂಡಿ ಮುಟ್ಟಿ ಅವರೇ ಫೋನ್ ಮಾಡಿದರು: "ನೀವು ಕಟ್ ಆದ್ರಿ ಮೇಡಂ. ನಾ ಇಳೀಲಿಲ್ಲ ನೋಡ್ರಿ."

ಖುಷಿಯಾಯಿತು. ಜೊತೆಗೆ ನನ್ನ ತಪ್ಪೂ ಕಂಡಿತು. ಕೆಲವರು ನೀರಿನ ಬಾಟಲಿ, ಮಾತ್ರೆ ಚೀಟಿ ಬಿಟ್ಟು ಹೊರಗೆ ಕಾಲಿಡುವುದಿಲ್ಲ. ಈ ಹೆಣ್ಣುಮಗಳಿಗೆ ನನ್ನ ದನಿ ಅಂಥದ್ದೇ ಆಸರೆಯಾಗಿತ್ತು. ಮುಂದಿನ ವಾರ ಫೋನ್ ಚೀಲದೊಳಗೇ ಇರಲಿ, ಊರಿಗೆ ವಾಪಸ್ ಬಂದ ಮೇಲೆ ಎಷ್ಟು ಪೈಸೆ ಅಂತ ಹೇಳಿ ಎಂದೆ.

ಹದಿನೈದು ಪೈಸೆ ಎಂದರು.